‘ಕಾಯಿರಿ’ ಎಂದವರು ಯಾರು?

ಸೈನ್ಯವನ್ನು ಎಲ್ಲಿಗೆ, ಯಾವಾಗ ಕಳಿಸಬೇಕೆಂದು ತೀರ್ಮಾನಿಸುವ ದೆಹಲಿಯ ಮಾನ್ಯರೇ,

ನನ್ನ ತಂಗಿಯ ಮಗ ಹಾಲಸಿದ್ದ ಸಮುದ್ರದಾಚೆಯ ದ್ವೀಪದಲ್ಲಿ ಸತ್ತ. ಅವನು ನನ್ನ ಮಗಳು ತಾರವ್ವನ ಗಂಡನೂ ಹೌದು. ಅವನನ್ನು ಕೊಂದವರು ಯಾರೆಂದು ನಾನು ಕೇಳುತ್ತಿಲ್ಲ. ಗುಂಡು ಹಾರಿಸಿದವರು ಶತ್ರುಗಳೇ. ಅವನ ಜೀವ ಉಳಿಸಲು ಹೊರಟವರನ್ನು ಅರ್ಧದಾರಿಯಲ್ಲಿ ನಿಲ್ಲಿಸಿದವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ. ನಿಮ್ಮ ಕುರ್ಚಿಯಲ್ಲಿ ಆಗ ಬೇರೆಯವರಿದ್ದರು, ಈಗ ನೀವಿದ್ದೀರಿ ಎಂದು ದಯವಿಟ್ಟು ಹೇಳಬೇಡಿ. ಕುಳಿತವರು ಬದಲಾಗುತ್ತಾರೆ. ನಾನು ಕುರ್ಚಿಗೆ ಬರೆಯುತ್ತಿದ್ದೇನೆ.

ನಾನೂ ಸೈನ್ಯದಲ್ಲಿದ್ದವನು. ಎಪ್ಪತ್ತೊಂದರ ಯುದ್ಧ ಮಾಡಿ, ಹವಾಲ್ದಾರನಾಗಿ ನಿವೃತ್ತನಾಗಿ, ಈಗ ರಾಯಬಾಗದ ಹತ್ತಿರ ಒಂದಿಷ್ಟು ಕಬ್ಬು, ಒಂದಿಷ್ಟು ಕುರಿ ನೋಡಿಕೊಂಡಿದ್ದೇನೆ. ಹಾಲಸಿದ್ದ ಕುರಿಗಳ ನಡುವೆಯೇ ಬೆಳೆದ. ಕೃಷ್ಣೆಗೆ ಮಹಾಪೂರ ಬಂದ ವರ್ಷ, ನೀರು ಸುತ್ತುವರಿದ ದಿಬ್ಬದ ಮೇಲೆ ಮರಿಗಳು ಉಳಿದಾಗ, ಊರವರು ಬೇಡವೆಂದರೂ ಈಜಿ ಹೋಗಿ ಹೆಗಲ ಮೇಲೆ ಹೊತ್ತು ತಂದವನು. ಬಾಯಿ ತುಂಬ ಮಾತು. ತಾರವ್ವನನ್ನು ರೇಗಿಸದೆ ಊಟ ಮಾಡಿದವನಲ್ಲ. ಬೆಳಗಾವಿಯಲ್ಲಿ ಭರ್ತಿಯಾದ. ಎಂಬತ್ತೇಳರಲ್ಲಿ ಅವನ ಪಲ್ಟಣವನ್ನು ದ್ವೀಪಕ್ಕೆ ಕಳಿಸಿದಿರಿ. ಶಾಂತಿ ಕಾಯಲು ಹೋಗುತ್ತಿದ್ದಾರೆ ಎಂದು ರೇಡಿಯೋದಲ್ಲಿ ಹೇಳಿದಿರಿ. ನನ್ನ ತಂಗಿ ನೆಮ್ಮದಿಯಿಂದ ನಿದ್ದೆ ಮಾಡಿದಳು. ಶಾಂತಿ ಕಾಯುವವರು ಸಾಯುತ್ತಾರೆಂದು ಅವಳಿಗೇನು ಗೊತ್ತು? ನಿಮಗಾದರೂ ಗೊತ್ತಿತ್ತೇ?

ಅದೇ ವರ್ಷದ ಚಳಿಗಾಲಕ್ಕೆ ಮೊದಲೇ ನಮ್ಮ ಮನೆಗೆ ಅವನ ಅಸ್ಥಿ ಬಂತು. ಹೇಗೆ ಸತ್ತ ಎಂಬುದಕ್ಕೆ ನಿಮ್ಮವರು ಕೊಟ್ಟ ಉತ್ತರ ‘ವೀರಮರಣ’ ಎಂಬ ಒಂದೇ ಪದ. ಉಳಿದದ್ದನ್ನು ಹೇಳಿದವನು ಕೊಗನೊಳ್ಳಿಯ ನಾಮದೇವ. ಅದೇ ಪಲ್ಟಣದಲ್ಲಿ ವಾಯರ್‌ಲೆಸ್ ಹೊತ್ತು ನಡೆದವನು. ಕಾಲಿಗೆ ಪೆಟ್ಟಾಗಿ ಸೈನ್ಯ ಬಿಟ್ಟು ಬಂದ ಮೇಲೆ, ಒಂದು ಮಧ್ಯಾಹ್ನ ನಮ್ಮ ಪಡಸಾಲೆಗೆ ಬಂದು ಕುಳಿತ. ತಾರವ್ವ ಕಂಬದ ಹಿಂದೆ ನಿಂತಿದ್ದಳು.

“ಕಾಕಾ, ಹಾಲಸಿದ್ದ ಮತ್ತ ಅವನ ಜೋಡಿ ಇದ್ದವ್ರು ಒಂದ ಸಾಲಿ ಕಟ್ಟಡದಾಗ ಸಿಕ್ಕೊಂಡಿದ್ರು. ನಾವು ತೆಂಗಿನ ತ್ವಾಟದ ಈ ಕಡೆ ಇದ್ವಿ. ಗುಂಡಿನ ಸಪ್ಪಳ ನಮಗ ಕೇಳತಿತ್ತು. ‘ಹಿಂದಿಂದ ತೋಪು ಹಾರ್ಸಿ ಆಸರ ಕೊಡ್ರಿ, ನಾ ಮುಂದ ಹೋಗ್ತೀನಿ’ ಅಂತ ಕರ್ನಲ್ ಸಾಹೇಬ್ರು ಒಂದ ಸವನ ಕೇಳಾಕತ್ತಿದ್ರು. ಮ್ಯಾಲಿಂದ ಒಂದ ಮಾತು, ‘ದಿಲ್ಲಿಯೊಳಗ ಮಾತುಕತಿ ನಡದೈತಿ, ಕಾಯ್ರಿ.’ ಹೊತ್ತು ಮುಣಗೂ ಮುಂದ ಪರವಾನಗಿ ಬಂತು. ಅಷ್ಟರಾಗ ಸಾಲಿ ಒಳಗಿನ ಸಪ್ಪಳ ನಿಂತಿತ್ತು ಕಾಕಾ.”

ಅವನು ಇಷ್ಟು ಹೇಳಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಹೋಗುವಾಗ ತಾರವ್ವನ ಕಡೆ ನೋಡುವ ಧೈರ್ಯ ಅವನಿಗಾಗಲಿಲ್ಲ.

ಮರುವರ್ಷ ರಾಯಬಾಗದಲ್ಲಿ ಹುತಾತ್ಮರ ಮನೆಯವರಿಗೆ ಸನ್ಮಾನ ಇಟ್ಟುಕೊಂಡಿರಿ. ದೆಹಲಿಯಿಂದ ಮಂತ್ರಿಗಳೊಬ್ಬರು ಬಂದರು. ಅದೇ ಕರ್ನಲ್ ಸಾಹೇಬರನ್ನೂ ಕರೆಸಿ ಅವರ ಪಕ್ಕದಲ್ಲಿ ಕೂರಿಸಿದರು. ತಾರವ್ವನಿಗೆ ಶಾಲು ಹೊದಿಸಿದ ಮೇಲೆ ಮಂತ್ರಿಗಳು ಮೈಕಿನ ಮುಂದೆ ನಿಂತು, “ಯುದ್ಧ ಹೇಗೆ ಮಾಡಬೇಕೆಂಬುದನ್ನು ಸಂಪೂರ್ಣವಾಗಿ ಸೈನ್ಯಕ್ಕೇ ಬಿಟ್ಟಿದ್ದೆವು, ನಾವು ಒಂದು ದಿನವೂ ಅಡ್ಡಬರಲಿಲ್ಲ” ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಕರ್ನಲ್ ಸಾಹೇಬರ ಮುಖ ನೋಡಿದೆ. ಅವರು ತಮ್ಮ ಬೂಟುಗಳನ್ನು ನೋಡುತ್ತಿದ್ದರು.

ಸಭೆ ಮುಗಿದ ಮೇಲೆ ಮಂತ್ರಿಗಳ ಗಾಡಿಗಳು ಚಿಕ್ಕೋಡಿಯ ದಾರಿ ಹಿಡಿದವು. ಕರ್ನಲ್ ಸಾಹೇಬರು ಮಾತ್ರ ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬಂದರು. ಯಾರೂ ಬಾ ಎಂದಿರಲಿಲ್ಲ. ಕಂಬಳಿ ಹಾಸಿದೆವು, ಕುಳಿತರು. ಅವರಿಗೆ ಕನ್ನಡ ಬಾರದು, ನನ್ನ ಮಗಳಿಗೆ ಹಿಂದಿ ಬಾರದು. ನಡುವೆ ನಾನು.

ತಾರವ್ವ ಕೇಳಿದಳು: “ಅಪ್ಪಾ, ಮಂತ್ರಿ ಹೇಳಿದ್ದು ಖರೇ ಏನ್ ಅಂತ ಕೇಳು ಸಾಹೇಬ್ರನ್ನ.”

“ಇಲ್ಲ ತಾಯಿ. ನಾನು ಹೋಗುತ್ತೇನೆಂದೆ. ಕಾಯಲು ಹೇಳಿದರು.”

“ಹಂಗಾದ್ರ ಅಲ್ಲೇ ಯಾಕ ಹೇಳಲಿಲ್ಲಂತ?”

“ಸಮವಸ್ತ್ರ ಹಾಕಿದವನು ಜನರ ಮುಂದೆ ಮಂತ್ರಿಯ ಮಾತು ಸುಳ್ಳು ಎನ್ನುವಂತಿಲ್ಲ.”

“ಜನರ ಮುಂದ ಬ್ಯಾಡ. ಅವತ್ತ ಬಾಗಲಾ ಹಾಕ್ಕೊಂಡು ಅವರ ಮುಂದರ ಹೇಳಬಹುದಿತ್ತಲ್ಲ, ನನ್ನ ಮಂದಿ ಸಾಯಾಕತ್ತಾರ ಅಂತ?”

ಇದನ್ನೂ ನಾನು ಹಿಂದಿಯಲ್ಲಿ ಹೇಳಿದೆ. ಸಾಹೇಬರು ಹೇಳಿದರು: “ಆ ಬಾಗಿಲ ತನಕ ನನ್ನಂಥವನಿಗೆ ದಾರಿಯಿಲ್ಲ. ದಾರಿ ಇದ್ದ ದೊಡ್ಡವರು ಒಳಗೆ ಹೋಗಿ ಹೇಳಿದರೋ, ಹೇಳಿದಾಗ ಅವರು ಕೇಳಿದರೋ, ನನಗೂ ತಿಳಿಯದು.”

ತಾರವ್ವ ಒಳಗೆ ಹೋಗಿ ಚಹಾ ತಂದಿಟ್ಟಳು. ಬೈಯಲಿಲ್ಲ, ಅಳಲಿಲ್ಲ. ಸಾಹೇಬರು ಕೈಯಲ್ಲಿ ಕಪ್ಪು ಹಿಡಿದುಕೊಂಡೇ ಅತ್ತರು. ಮಾನ್ಯರೇ, ಮೂವತ್ತು ವರ್ಷ ಸೈನ್ಯದ ಅನ್ನ ತಿಂದ ಮನುಷ್ಯ ಒಬ್ಬ ಕುರಿಗಾರನ ಮನೆಯಲ್ಲಿ ಕುಳಿತು ಅಳುವುದನ್ನು ನೀವು ನೋಡಿಲ್ಲ. ಮುಂದೆ ಅವರು ಅವಧಿಗೆ ಮೊದಲೇ ನೌಕರಿ ಬಿಟ್ಟರೆಂದು ನಾಮದೇವ ಹೇಳಿದ. ನಿಮ್ಮ ಮಂತ್ರಿಗಳು ಮತ್ತೆ ಚುನಾವಣೆಗೆ ನಿಂತರು.

ತಪ್ಪು ತಿಳಿಯಬೇಡಿ. ಸೈನ್ಯ ಚುನಾಯಿತರ ಮಾತು ಕೇಳಬೇಕು ಎನ್ನುವವರಲ್ಲಿ ನಾನು ಮೊದಲಿಗ. ಸೇನಾಪತಿಗಳೇ ದೊರೆಗಳಾದ ನೆರೆಹೊರೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ, ಅದು ಬೇಡ. ಮಾತುಕತೆ ಬೇಡವೆಂದೂ ನಾನು ಅನ್ನುವುದಿಲ್ಲ. ಮಾತಿನಿಂದ ಒಂದು ಜೀವ ಉಳಿಯುವುದಾದರೆ ಇಡೀ ವರ್ಷ ಮಾತಾಡಿ. ಆದರೆ ಗುಂಡಿನ ನಡುವೆ ಹುಡುಗರನ್ನು ನಿಲ್ಲಿಸಿದ ಮೇಲೆ ಮಾತಾಡಲು ಕೂತಿರಲ್ಲ, ಅಲ್ಲಿ ಯಾರಿದ್ದಾರೆಂದು ಸೇನಾಪತಿಯನ್ನು ಕೇಳಿದಿರಾ? ಕೇಳಿದ್ದರೆ ಅವರು ನಿಜ ಹೇಳಿದರೇ, ಅಥವಾ ನಿಮಗೆ ಹಿತವಾಗುವುದನ್ನು ಹೇಳಿ ಸೆಲ್ಯೂಟ್ ಹೊಡೆದು ಹೊರಬಂದರೇ? ವಿಧೇಯತೆ ಎಂದರೆ ಬಾಯಿ ಮುಚ್ಚಿಕೊಂಡಿರುವುದೆಂದು ಸೈನ್ಯಕ್ಕೆ ಕಲಿಸಿದವರು ಯಾರು? ಅಧಿಕಾರವೆಂದರೆ ಕಿವಿ ಮುಚ್ಚಿಕೊಳ್ಳುವುದೆಂದು ನಿಮಗೆ ಕಲಿಸಿದವರು ಯಾರು? ಒಬ್ಬರು ಹೇಳಲಿಲ್ಲ, ಇನ್ನೊಬ್ಬರು ಕೇಳಲಿಲ್ಲ. ಗೆದ್ದ ಮಾತು ಬಂದಾಗ ಮಾತ್ರ ಇಬ್ಬರೂ ಒಂದೇ ವೇದಿಕೆ ಹತ್ತುತ್ತೀರಿ.

ಈಗ ಸೈನ್ಯ ಆ ದ್ವೀಪದಿಂದ ಪೂರ್ತಿ ಮರಳಿದೆ. ಸ್ವಾಗತಿಸಲು ಹೋಗಬೇಕೋ ಬೇಡವೋ ಎಂದು ನಿಮ್ಮಲ್ಲೇ ತಕರಾರು ನಡೆಯಿತಂತೆ. ತಾರವ್ವ ಉಗಾರದ ಕಡೆ ಕಬ್ಬಿನ ಕೆಲಸಕ್ಕೆ ಹೋಗುತ್ತಾಳೆ. ಮಾತು ಕಡಿಮೆ ಮಾಡಿದ್ದಾಳೆ. ಅವಳು ಶಾಲನ್ನು ಒಮ್ಮೆಯೂ ಹೊದ್ದಿಲ್ಲ. ಮೊನ್ನೆ ಊಟಕ್ಕೆ ಕುಳಿತಾಗ, “ಅಪ್ಪಾ, ಮುಂದಿನ ಲಡಾಯಿಗೂ ಹಿಂಗ ಮಾಡತಾರನು?” ಎಂದಳು. ನಾನು ಎದ್ದು ಕೈ ತೊಳೆದು ಈ ಕಾಗದ ಬರೆಯಲು ಕುಳಿತೆ.

ಆದ್ದರಿಂದ ನನ್ನ ಬೇಡಿಕೆ. ನಮಗೆ ಇನ್ನೊಂದು ಶಾಲು ಬೇಡ, ಹಾಲಸಿದ್ದನ ಹೆಸರಿನ ಕಲ್ಲೂ ಬೇಡ. ಆ ದಿನ ‘ಕಾಯಿರಿ’ ಎಂದವರು ಯಾರು, ಅದನ್ನು ಬೇಡವೆಂದು ಎದುರು ನಿಂತು ಹೇಳಿದ ಸೇನಾಧಿಕಾರಿ ಒಬ್ಬನಾದರೂ ಇದ್ದನೇ ಎಂಬುದನ್ನು ನಮ್ಮ ಮನೆಗೆ ಬಂದು ತಾರವ್ವನಿಗೆ ಹೇಳಿ. ನೀವೂ ಬನ್ನಿ, ನಿಮ್ಮ ಸೇನಾಪತಿಯನ್ನೂ ಕರೆತನ್ನಿ. ಒಬ್ಬರೇ ಬರಬೇಡಿ. ಒಬ್ಬರೇ ಬಂದರೆ ಎಲ್ಲವನ್ನೂ ಇನ್ನೊಬ್ಬರ ತಲೆಗೆ ಕಟ್ಟಿ ಎದ್ದು ಹೋಗುತ್ತೀರಿ.

ಇಂತಿ,
ಹುಕುಂ ಬಂದರೆ ಈಗಲೂ ಎದ್ದು ನಿಲ್ಲುವ ಚಟ ಬಿಡಲಾಗದ
ಜಕ್ಕಪ್ಪ, ನಿವೃತ್ತ ಹವಾಲ್ದಾರ
ರಾಯಬಾಗ, ಬೇಸಿಗೆ, ೧೯೯೦