ಅಪ್ಪ ಎದ್ದು ನಿಲ್ಲಬಾರದು

೧೨ ಜನವರಿ ೨೦೧೧, ಬುಧವಾರ. ಹುನ್ನೂರ.

ನಾಳೆ ಜಮಖಂಡಿಯಲ್ಲಿ ಅಪ್ಪನ ಅಂಗವಿಕಲ ಪಿಂಚಣಿಯ ಮೇಲ್ಮನವಿ ವಿಚಾರಣೆ. ಡಾಕ್ಟರರ ಸರ್ಟಿಫಿಕೇಟು, ಸೊಂಟದ ಎಕ್ಸ್‌ರೇ ಎಲ್ಲವನ್ನೂ ಮೂರು ಸಲ ಚೀಲದಿಂದ ತೆಗೆದು ನೋಡಿದೆ. ಹೋದ ಸಲ ಪರಿಶೀಲನೆಗೆ ಸಾಹೇಬರು ಮನೆಗೆ ಬಂದಾಗ ಅಪ್ಪ ಗೋಡೆ ಹಿಡಿದು ಎದ್ದು ನಿಂತು ಕೈಮುಗಿದಿದ್ದ. ‘ಸ್ವತಃ ಎದ್ದು ನಿಲ್ಲಬಲ್ಲರು’ ಎಂದು ಬರೆದುಕೊಂಡು ಹೋದರು. ಅರ್ಜಿ ತಿರಸ್ಕಾರವಾಯಿತು. ಆಮೇಲೆ ಎರಡು ದಿನ ಅವನು ಹಾಸಿಗೆಯಿಂದ ಏಳಲಾಗದೆ ನರಳಿದ್ದನ್ನು ಯಾರು ಬರೆದುಕೊಂಡರು?

ಸಂಜೆ ಅವನಿಗೆ ಹೇಳಿಕೊಡಲು ಕೂತೆ. “ನಾಳಿ ಕಚೇರ್ಯಾಗ ಸಾಹೇಬ್ರು ಬಂದ್ರ ಏಳಬ್ಯಾಡಪಾ.”

“ಮನಿಗಿ ಬಂದ ಕುರಿ ವ್ಯಾಪಾರಿಗೂ ಎದ್ದು ನಿಂತಾಂವ ನಾ. ಸಾಹೇಬ್ರಿಗೆ ಕುಂತಲ್ಲೇ ನಮಸ್ಕಾರ ಮಾಡ್ಲೇನ? ಸೊಕ್ಕಿನಾಂವ ಅಂತಾರ.”

“ಅನ್ಲಿ ಬಿಡು!” ರೇಗಿಬಿಟ್ಟೆ.

ಕಡೆಗೆ ಒಪ್ಪಿದ. ಪರೀಕ್ಷಿಸಲು ನಾನೇ ಸಾಹೇಬರಂತೆ ಚೀಲ ಬಗಲಲ್ಲಿಟ್ಟುಕೊಂಡು ಹೊರಗಿನಿಂದ ಬಂದೆ. ಅಪ್ಪ ಎರಡೂ ಕೈಯಿಂದ ಮಂಚದ ಪಟ್ಟಿ ಬಿಗಿಹಿಡಿದು ಕೂತೇ ಇದ್ದ. ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ತಲೆ ತಗ್ಗಿಸಿ, ನನಗೇ ಕೈಮುಗಿದು, ಮೆಲ್ಲಗೆ ಅಂದ: “ತಪ್ಪ ತಿಳ್ಕೋಬ್ಯಾಡ್ರಿ. ಮಗಳು ಏಳಬ್ಯಾಡ ಅಂದಾಳ್ರಿ.”

ಚೀಲ ಅಲ್ಲೇ ಇಟ್ಟು ಒಳಗೆ ಬಂದೆ. ಇನ್ನೂ ಅವನ ಮುಖ ನೋಡಿಲ್ಲ.