ವಾಶ್‌ಬೇಸಿನ್ ಪಕ್ಕದ ಮೇಜು

ಕಾರ್ಮಿಕ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ರೆಸ್ಟೋರೆಂಟಿನಲ್ಲಿ ಬಡಿಸುವ ನನ್ನ ಹೆಂಡತಿಯ ಕೆಲಸ ಈ ವಾರಾಂತ್ಯಕ್ಕೆ ಹೋಗಲಿದೆ. ಅವಳು ತಟ್ಟೆ ಒಡೆದಿಲ್ಲ, ಗಿರಾಕಿಗೆ ಎದುರಾಡಿಲ್ಲ. ಟಿಪ್ಸ್ ಕಡಿಮೆ ಬೀಳುತ್ತದೆ, ಅಷ್ಟೇ. ಅವಳ ದೂರಿನ ಮೇಲೆ ತಾವು, 'ಟಿಪ್ಸ್ ಎಂಬುದು ಸೇವೆಯ ಗುಣಮಟ್ಟಕ್ಕೆ ಗ್ರಾಹಕರು ಕೊಡುವ ಅಂಕ; ಮಧ್ಯಪ್ರವೇಶ ಅನಗತ್ಯ' ಎಂದು ಷರಾ ಬರೆದಿದ್ದೀರಿ. ಟಿಪ್ಸ್ ಸಿಗದವಳಿಗೆ ಟಿಪ್ಪಣಿಯಾದರೂ ಸಿಕ್ಕಿತಲ್ಲ, ಋಣಿ. ಇನ್ನು ನನ್ನ ನಗೆಬರಹದ ಸಂಭಾವನೆಯಲ್ಲೇ ಸಂಸಾರ ನಡೆಸಿದರೆ ನಗುವವರು ಓದುಗರಲ್ಲ, ಬಾಡಿಗೆ ಕೇಳಲು ಬರುವ ಮನೆ ಮಾಲೀಕರು.

ಅಲ್ಲಿನ ಪದ್ಧತಿ ಕೇಳಿ. ನಿನ್ನೆ ಹೆಚ್ಚು ಟಿಪ್ಸ್ ಗಳಿಸಿದವರಿಗೆ ಇಂದು ಕಿಟಕಿ ಬದಿಯ ಮೇಜು; ಕಡಿಮೆ ಗಳಿಸಿದವರಿಗೆ ವಾಶ್‌ಬೇಸಿನ್ ಪಕ್ಕದ್ದು. ಅಲ್ಲಿ ಕೂರುವವರು ಯಾರು? ಬೇರೆಲ್ಲೂ ಕೂರಿಸದವರು: ಅಳುವ ಕೂಸಿನ ತಾಯಿ, ಕೈ ನಡುಗುವ ಅಜ್ಜ, ಒಂದೇ ಸೂಪು ಹಂಚಿಕೊಳ್ಳುವ ವಿದ್ಯಾರ್ಥಿಗಳು. ಏಳುವಾಗ ಮನಸಾರೆ ಹರಸುತ್ತಾರೆ. ಹರಕೆಯನ್ನು ಮ್ಯಾನೇಜರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೀಗೆ ಒಮ್ಮೆ ಅಲ್ಲಿಗೆ ಇಳಿದವಳು ಮೇಲೇಳುವುದು ಹೇಗೆ ಸ್ವಾಮಿ?

ದಿಕ್ಕು ತೋಚದೆ ನಾನೊಂದು ಉಪಾಯ ಹೂಡಿದೆ. ಮಾವನವರ ಜೇಬಿಗೆ ನಮ್ಮದೇ ದುಡ್ಡು ತುರುಕಿ, ಮಗಳ ಮೇಜಿನಲ್ಲಿ ಉಂಡು ಧಾರಾಳವಾಗಿ ಟಿಪ್ಸ್ ಇಟ್ಟು ಬನ್ನಿ ಎಂದು ಕಳಿಸಿದೆ. ಶ್ರೀಮಂತರಂತೆ ಕಾಣಲಿ ಎಂದು ನನ್ನ ಮದುವೆಯ ಕೋಟು ತೊಡಿಸಿದ್ದೇ ತಪ್ಪಾಯಿತು. ಕೋಟು ಕಂಡವರು ಅವರನ್ನು ಕಿಟಕಿ ಬದಿಗೇ ಕರೆದೊಯ್ದರಂತೆ. ಹೊರಗೆ ಕಾಯುತ್ತಿದ್ದ ನನ್ನ ಬಳಿಗೆ ಮುಖ ಅರಳಿಸಿಕೊಂಡು ಬಂದರು.

"ಅವಳಿಗೆ ಕೊಟ್ರಾ ಮಾವ?"

"ಅವಳೆಲ್ಲಿ ಕೈಗೆ ಸಿಕ್ಳಪ್ಪಾ! ಯಾರೋ ಮುದುಕರಿಗೆ ಬ್ರೆಡ್ಡು ಅದ್ದಿ ಅದ್ದಿ ತಿನ್ನಿಸ್ತಿದ್ಳು. ಕಿಟಕಿ ಹತ್ರ ಬಡಿಸೋನ್ಯಾರೋ 'ಬನ್ನಿ ಯಜಮಾನ್ರೇ, ಕೋಟು ಒಪ್ಪುತ್ತೆ' ಅಂದ ನೋಡು, ಖುಷಿಯಾಗಿ ಅವನ ಕೈಗೇ ಎಲ್ಲಾ ಇಟ್ಬಿಟ್ಟೆ!"

ಹೆತ್ತ ತಂದೆಯೇ ಫೇಲು ಮಾಡಿದ ಮೇಲೆ ತಮ್ಮನ್ನೇನು ದೂರಲಿ! ಆದರೂ ಹೇಳಿ, ಅಂದು ಸೇವೆ ಮಾಡಿದವರು ಯಾರು, ಅಂಕ ಬಿದ್ದದ್ದು ಯಾರಿಗೆ? ಆ ಕಿಟಕಿಯವನ ಮೇಲೂ ನನಗೆ ಸಿಟ್ಟಿಲ್ಲ. ನಾಳೆ ಬೇಸಿನ್ ಪಕ್ಕಕ್ಕೆ ಬಿದ್ದೇನೆಂಬ ಭಯಕ್ಕೇ ಅವನು ಅಷ್ಟು ನಗುವುದು. ಮನೆಗೆ ಬಂದ ಹೆಂಡತಿ ಕೇಳಿದಳು: "ಆ ಅಜ್ಜನ್ನ ಅಲ್ಲೇ ಬಿಟ್ಟು ಅಪ್ಪನ ಹತ್ರ ಓಡಿಹೋಗಿದ್ರೆ ಕೆಲ್ಸ ಉಳೀತಿತ್ತೇನೋ ಅಲ್ವಾ ರೀ?" ಎಲ್ಲದಕ್ಕೂ ತಮಾಷೆ ಮಾಡುವ ನಾನು ಆ ಕೋಟು ಮಡಿಸಿಟ್ಟು ಈ ಪತ್ರ ಬರೆಯಲು ಕೂತೆ.

ಆ ಷರಾ ಈ ವಾರದೊಳಗೆ ಹಿಂತೆಗೆಯಿರಿ. ಮೇಜು ಸರದಿಯಂತೆ ಎಲ್ಲರಿಗೂ ಬರಲಿ. ಕೆಲಸ ಉಳಿಯುವುದು ಕೆಲಸದಿಂದ ಆಗಲಿ. ನಂಬಿಕೆಯಿಲ್ಲದಿದ್ದರೆ ತಾವೇ ಬನ್ನಿ, ಹಳೆಯ ಅಂಗಿ ತೊಟ್ಟು. ಅವರೇ ಅವಳ ಮೇಜಿಗೆ ಕಳಿಸುತ್ತಾರೆ. ಕಚೇರಿಯಲ್ಲಿ ಕೂತೇ ಕೈ ತೊಳೆದುಕೊಂಡವರು ಒಮ್ಮೆ ಆ ಬೇಸಿನ್ನಿನಲ್ಲೂ ತೊಳೆಯಿರಿ. ಒರೆಸಿಕೊಳ್ಳಲು ಟವೆಲ್ಲು ಅವಳೇ ತಂದುಕೊಡುತ್ತಾಳೆ. ತಾವು ಏನೂ ಇಡದೆ ಎದ್ದು ಹೋದರೂ.

ಇಂತಿ,
ಕೋಟು ಕೊಟ್ಟು ಕೆಟ್ಟ
ಅವಳ ಗಂಡ