ಬಂದೂಕಿನ ಬುಡದಲ್ಲಿದ್ದ ಚೀಟಿ

ಮಾರ್ಚ್ ೬, ಶನಿವಾರ ಬೆಳಿಗ್ಗೆ

ಮುದ್ದು ಮಗಳೇ,

ನನ್ನ ಅಕ್ಷರ ನೋಡಿ ಹುಬ್ಬೇರಿಸಬೇಡ. ಹೆಮ್ಮೆ ತಡೆಯಲಾಗದೆ ಬರೆಯುತ್ತಿದ್ದೇನೆ. ನನ್ನ ಹದಿನೇಳೂ ಬಂದೂಕುಗಳು ಮ್ಯೂಸಿಯಂ ಸೇರಿದವು! ಮೂವತ್ತು ವರ್ಷ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕೊರೆದವಳ ಹೆಸರು ಈಗ ಗಾಜಿನ ಕಪಾಟಿನ ಮೇಲಿದೆ.

ಎಲ್ಲವೂ ಯುದ್ಧದಲ್ಲಿ ವೈರಿಗಳಿಂದ ಕಿತ್ತುಕೊಂಡವು. ಸೋತವರ ಮುದ್ರೆಯ ಪಕ್ಕ ಗೆದ್ದವರು ತಮ್ಮದೊಂದು ಒತ್ತುತ್ತಿದ್ದರು. ಆ ಜೋಡಿ ಮುದ್ರೆ ಹುಡುಕುತ್ತ ನಾನು ಎಷ್ಟು ಚಪ್ಪಲಿ ಸವೆಸಿದೆನೋ! ಮೊದಲನೆಯದು ಮಾತ್ರ ನಿನ್ನ ತಾತ ತಂದದ್ದು. ವೈರಿಯನ್ನು ಹೊಡೆದುರುಳಿಸಿ ಕಿತ್ತುಕೊಂಡೆ ಎಂದು ಮೀಸೆ ತಿರುವುತ್ತಿದ್ದರು. ಬಂದವರಿಗೆಲ್ಲ ನಾನೂ ಅದನ್ನೇ ಹೇಳಿದೆ. ಒಬ್ಬನ ಜೀವ ತೆಗೆದ ಕಥೆ ಕೇಳುತ್ತ ಊಟ ಮಾಡಲಾರೆ, ಆ ಬಂದೂಕು ಗೋಡೆಯ ಮೇಲಿರುವ ತನಕ ಈ ಮನೆಗೆ ಕಾಲಿಡುವುದಿಲ್ಲ ಎಂದು ನೀನು ಎದ್ದು ಹೋದೆ. ಆರು ವರ್ಷವಾಯಿತು.

ಮೊನ್ನೆ ಗುರುವಾರ ಮ್ಯೂಸಿಯಂನ ಮೇಡಂ ಅದನ್ನು ಪರೀಕ್ಷಿಸುತ್ತ ಹೆಗಲಿಗೆ ಆನಿಸುವ ಬುಡದ ಕಬ್ಬಿಣದ ತಟ್ಟೆ ಬಿಚ್ಚಿದರು. ಒಳಗಿನ ಗುಳಿಯಲ್ಲೊಂದು ಮಡಿಸಿದ ಚೀಟಿ. ತಾತನದೇ ಅಕ್ಷರ. 'ಅವನು ಇದನ್ನು ಬಿಸಾಕಿ ಓಡಿದ. ಗುರಿ ಸಿಕ್ಕಿತ್ತು. ಹೊಡೆಯಲು ಮನಸ್ಸು ಬರಲಿಲ್ಲ. ಯಾರಿಗೂ ಹೇಳಿಲ್ಲ.'

ಮನೆಯವರು ಬೇಡವೆಂದರೆ ಚೀಟಿಯನ್ನು ತೋರಿಸುವುದಿಲ್ಲ ಎಂದರು ಮೇಡಂ. ನಡುಮಧ್ಯೆ ಇಡಿ, ಎಲ್ಲರೂ ಓದಲಿ ಎಂದೆ. ಮನೆತನದ ಮಾನ ಹೋಯ್ತು ಅಂತ ನಿನ್ನ ಸೋದರಮಾವ ಕೂಗಾಡಿದ. ಹೋಗೋ, ಇನ್ಮೇಲೆ ನಿನ್ನ ಮೀಸೆ ನೀನೇ ತಿರುವ್ಕೋ ಅಂದೆ. ಎದುರಿಗೆ ಸಿಕ್ಕಿದ ಜೀವವನ್ನು ಬಿಟ್ಟು ಬಂದ ಅಪ್ಪನ ಮಗಳು ನಾನು. ಇದಕ್ಕಿಂತ ಹೆಮ್ಮೆ ಏನಿದೆ?

ಮುಂದಿನ ಭಾನುವಾರ, ಹದಿನಾಲ್ಕನೇ ತಾರೀಕು, ಹನ್ನೊಂದು ಗಂಟೆಗೆ ಪ್ರದರ್ಶನ ಶುರು. ನಮ್ಮ ಗೋಡೆ ಈಗ ಖಾಲಿ. ಮೊದಲು ಮ್ಯೂಸಿಯಂಗೆ ಬಾ, ಆಮೇಲೆ ಮನೆಗೆ.

ನಿನ್ನ ದಾರಿ ಕಾಯುವ
ಅಮ್ಮ

ಮರೆತ ಮಾತು: ಮರೆತೆ ಅನ್ನುವುದೂ ಸುಳ್ಳು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ತಟ್ಟೆಯ ಸ್ಕ್ರೂ ಮೇಲಿದ್ದ ಗೀರು ಅಷ್ಟೇನೂ ಹಳೆಯದಲ್ಲವೆಂದು ಮೇಡಂಗೆ ತಿಳಿಯಿತು. ನನ್ನ ಮುಖವನ್ನೊಮ್ಮೆ ನೋಡಿ ಚೀಟಿ ಬಿಡಿಸತೊಡಗಿದರು. ನೀನು ಹೋದ ಮರುವಾರವೇ ಬಂದೂಕು ಒರೆಸುವಾಗ ಬಿಚ್ಚಿ, ಚೀಟಿ ಓದಿದ್ದೆ. ನಮ್ಮಪ್ಪನನ್ನು ಹೇಡಿ ಎಂದು ಜನ ಆಡಿಕೊಂಡಾರೆಂದು ಹೆದರಿ ಮತ್ತೆ ಒಳಗಿಟ್ಟೆ. ಈ ಸಲ ಮೇಡಂ ಅವರೇ ಬಿಚ್ಚಲಿ ಎಂದು ಮೊದಲು ಆ ಬಂದೂಕನ್ನೇ ಕೈಗೆ ಕೊಟ್ಟೆ. ಚೀಟಿ ಸಿಕ್ಕಾಗಲೇ ನಿನಗೆ ಎರಡು ಸಾಲು ಬರೆದಿದ್ದರೆ ಈ ಆರು ವರ್ಷ ನಮ್ಮ ಕೈ ತಪ್ಪುತ್ತಿರಲಿಲ್ಲ. ಬೈಯಬೇಕೆನಿಸಿದರೆ ಬೈ, ಆದರೆ ಎದುರಿಗೆ ಬಂದು ಬೈ.